ಕ್ಯೂ ಮ್ಯಾನೇಜರನ್ನು ಮುಗಿಸಿಬಿಡಿ

ನೀರು ಸರಬರಾಜು ಕಚೇರಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದ ಆಪರೇಟರ್ ಸುಳ್ಳು ಹೇಳುವ ಪೈಕಿಯವನಲ್ಲ. ಹೇಳಬೇಕೆಂದುಕೊಂಡರೂ ನಾಲಿಗೆ ತೊಡರುತ್ತಿತ್ತು, ಕಿವಿ ಕೆಂಪಗಾಗುತ್ತಿತ್ತು. ಹೆಂಡತಿಯ ತವರಿನಲ್ಲಿ ಊಟಕ್ಕೆ ಕೂತಾಗ ಅವನು ಆಡಿದ್ದನ್ನೂ ಸುಳ್ಳು ಎನ್ನುವುದು ತಪ್ಪಾದೀತು. ಅದು ಬಾಯಿಂದ ಜಾರಿ ಬಿದ್ದ ಮಾತು. ಬಿದ್ದದ್ದನ್ನು ಎತ್ತಿಕೊಳ್ಳಲಿಲ್ಲ, ಅಷ್ಟೇ ಅವನ ಅಪರಾಧ.

ಅವನ ಷಡ್ಡಕನಿಗೆ ಆ ವಾರ ಬ್ಯಾಂಕಿನಲ್ಲಿ ಮ್ಯಾನೇಜರ್ ಪಟ್ಟ ಸಿಕ್ಕಿತ್ತು. ಮಾವನಿಗೆ ಆ ಶಬ್ದದ ಮೇಲೆ ಎಷ್ಟು ಮೋಹ ಹುಟ್ಟಿತ್ತೆಂದರೆ, ಮ್ಯಾನೇಜರಿಗೆ ಇನ್ನೊಂದು ಸೌಟು ಬಡಿಸಿ, ಮ್ಯಾನೇಜರಿಗೆ ನೀರು ಕೊಡಿ, ಫ್ಯಾನನ್ನು ಮ್ಯಾನೇಜರ ಕಡೆ ತಿರುಗಿಸಿ ಎಂದು ಊಟದುದ್ದಕ್ಕೂ ಅದನ್ನೇ ಜಪಿಸುತ್ತಿದ್ದರು. ಫ್ಯಾನು ಅತ್ತ ತಿರುಗಿದ್ದರಿಂದ ಇತ್ತ ಆಪರೇಟರ್ ಬೆವತು ನೀರಾದ. ಕೊನೆಗೆ ಕೈತೊಳೆಯುವ ಹೊತ್ತಿಗೆ, ಇವನೊಬ್ಬ ಇದ್ದಾನಲ್ಲ ಎಂಬುದು ನೆನಪಾಗಿ, ನೀವಿನ್ನೂ ಅದೇ ಟೈಪಿಂಗ್ ಮಾಡ್ಕೊಂಡಿದ್ದೀರಾ ಎಂದು ಮಾವ ಮರ್ಯಾದೆಗೆ ಕೇಳಿದರು.

"ನಾನೂ ಮ್ಯಾನೇಜರೇ ಮಾವ," ಅಂದ ಆಪರೇಟರ್. "ಕ್ಯೂ ಮ್ಯಾನೇಜರ್."

ಫ್ಯಾನು ಅರ್ಧ ಇವನ ಕಡೆಗೂ ತಿರುಗಿತು.

ನಿಜ ಸಂಗತಿ ಹೀಗಿತ್ತು. ನಲ್ಲಿ ಒಣಗಿತು, ಪೈಪ್ ಒಡೆಯಿತು, ಮೋರಿ ನೀರು ಸೇರಿಕೊಂಡಿತು ಎಂದು ಜನ ಕೊಡುವ ದೂರುಗಳೆಲ್ಲ ಆ ಕಚೇರಿಯ ಕಂಪ್ಯೂಟರಿನೊಳಗೆ ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತಿದ್ದವು. ಆ ಸಾಲನ್ನು ಕಾಯುವ, ಅಲ್ಲಿಂದ ಒಂದೊಂದೇ ದೂರನ್ನು ರಿಪೇರಿ ವಿಭಾಗದ ಕಂಪ್ಯೂಟರಿಗೆ ಸಾಗಿಸುವ ಒಂದು ಸಾಫ್ಟ್‌ವೇರ್ ಇತ್ತು. ಆ ಸಾಫ್ಟ್‌ವೇರಿನ ಹೆಸರೇ ಕ್ಯೂ ಮ್ಯಾನೇಜರ್. ನಮ್ಮವನು ಅದರ ಸೇವಕ. ಕಪ್ಪು ಪರದೆಯ ಮುಂದೆ ಕೂತು ಬೆಳಿಗ್ಗೆ 'ಸ್ಟಾರ್ಟ್' ಎಂದು ಹೊಡೆದರೆ ಅದು ಏಳುತ್ತಿತ್ತು, 'ಎಂಡ್' ಎಂದು ಹೊಡೆದರೆ ಮಲಗುತ್ತಿತ್ತು, 'ಡಿಸ್‌ಪ್ಲೇ' ಎಂದು ಕೇಳಿದರೆ ಸಾಲಿನಲ್ಲಿ ಎಷ್ಟು ದೂರು ನಿಂತಿವೆ ಎಂದು ಹೇಳುತ್ತಿತ್ತು. ಇಂಥ ಕೆಲವು ಕಮಾಂಡುಗಳನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದ. ಆ ಇಡೀ ಕಚೇರಿಯಲ್ಲಿ ಅವನ ಮಾತು ಕೇಳುತ್ತಿದ್ದದ್ದು ಅದೊಂದೇ. ಅದರ ಹೆಸರನ್ನು ಒಂದು ಊಟದ ಮಟ್ಟಿಗೆ ಎರವಲು ಪಡೆದರೆ ಯಾರಿಗೇನು ನಷ್ಟ ಎಂದು ಅವನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮಾವ ಆ ಪಟ್ಟವನ್ನು ತಮ್ಮ ಊಟದ ಮನೆಯಲ್ಲೇ ಬಿಟ್ಟುಬಿಡುವವರಲ್ಲ. ಮಗಳ ಮನೆಗೆ ಬಂದವರು ಕೆಳಗಿನ ಮನೆಯ ನಿವೃತ್ತ ಮೇಷ್ಟರಿಗೆ ಹೇಳಿದರು. ಮೇಷ್ಟರು ಎದುರಿನ ದರ್ಜಿಗೆ ಹೇಳಿದರು. ದರ್ಜಿಗೆ ಹೇಳಿದ ಮೇಲೆ ಇಡೀ ಬೀದಿಗೆ ಬೇರೆ ಹೇಳುವ ಅಗತ್ಯವಿರಲಿಲ್ಲ. ಬಟ್ಟೆಯ ಅಳತೆ ಕೊಡಲು ಬಂದ ಪ್ರತಿಯೊಬ್ಬರೂ ಕೈ ಅಗಲಿಸಿ ನಿಂತು, ಮೇಲಿನ ಮಹಡಿಯವನು ನೀರಿನ ಆಫೀಸಿನಲ್ಲಿ ಕ್ಯೂಗೆಲ್ಲ ಮ್ಯಾನೇಜರಂತೆ ಎಂದು ತಿಳಿದುಕೊಂಡು ಹೋದರು.

ಆ ಬೀದಿಯ ನಲ್ಲಿಗಳು ಬೇಸಿಗೆ ಶುರುವಾಗುವ ಮೊದಲೇ ಉಸಿರು ಬಿಟ್ಟಿದ್ದವು. ತಿರುಗಿಸಿದರೆ ಒಳಗಿನಿಂದ ಮುದುಕರ ಕೆಮ್ಮಿನಂಥ ಸದ್ದು ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ಎಲ್ಲರೂ ದೂರು ಕೊಟ್ಟಿದ್ದರು. ಎಲ್ಲರ ಫೋನಿಗೂ 'ನಿಮ್ಮ ದೂರು ಸರದಿಯಲ್ಲಿದೆ, ಸಹಕರಿಸಿ' ಎಂಬ ಉತ್ತರ ಬಂದಿತ್ತು. ಸಹಕರಿಸಿ ಸಹಕರಿಸಿ ಸೋತಿದ್ದ ಬೀದಿಗೆ ಈಗ ತಮ್ಮದೇ ಮಹಡಿಯಲ್ಲಿ ಸರದಿಯ ಒಡೆಯ ಸಿಕ್ಕಿದ್ದ. ಮೇಷ್ಟರು ಅವನನ್ನು ಕಂಡಾಗಲೆಲ್ಲ ಕುರ್ಚಿಯಿಂದ ಎದ್ದು ನಿಲ್ಲತೊಡಗಿದರು. ದರ್ಜಿ ಪ್ಯಾಂಟಿನ ಅಂಚನ್ನು ಕೇಳದೆಯೇ ಹೊಲಿದುಕೊಟ್ಟ. ನಮ್ಮದೊಂದನ್ನ ಸ್ವಲ್ಪ ಮುಂದಕ್ಕೆ ತಳ್ಳಿ ಎಂದು ಎಲ್ಲರೂ ಗುಟ್ಟಾಗಿ, ಬೇರೆಬೇರೆಯಾಗಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಕೇಳಿಕೊಂಡರು. ಮೊದಲು ಬಂದದ್ದು ಮೊದಲು ಹೋಗುತ್ತೆ, ನಡುವೆ ಕೈ ಹಾಕೋಕಾಗಲ್ಲ ಎಂದು ಅವನು ತಿಳಿಸಿ ಹೇಳಿದ. ಎಂಥ ಪ್ರಾಮಾಣಿಕ ಅಧಿಕಾರಿ ಎಂದು ಬೀದಿ ಇನ್ನೂ ಬಗ್ಗಿ ನಮಸ್ಕಾರ ಮಾಡಿತು.

ಇಷ್ಟು ಮರ್ಯಾದೆಯನ್ನು ಮೈಮೇಲೆ ಹಾಕಿಕೊಂಡವನಿಗೆ ಸ್ವಲ್ಪವಾದರೂ ಕೆಲಸ ಮಾಡೋಣ ಎನ್ನಿಸುವುದು ಸಹಜ. ಅವನು ಕಚೇರಿಗೆ ಹೋದವನೇ ಸಾಲಿನ ಉದ್ದ ಕೇಳಿದ. ಪರದೆಯ ಮೇಲೆ ಬಂದ ಸಂಖ್ಯೆಯನ್ನು ನೋಡಿ, ಸೊನ್ನೆಯ ಕೀಲಿ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದುಕೊಂಡು ಮತ್ತೆ ಕೇಳಿದ. ಅಷ್ಟೇ ಬಂತು. ರಿಪೇರಿ ವಿಭಾಗಕ್ಕೆ ದೂರು ಒಯ್ಯುವ ದಾರಿಗೆ ಚಾನೆಲ್ ಎನ್ನುತ್ತಾರೆ. ಅದರ ಸ್ಥಿತಿ ಕೇಳಿದ. 'ಮತ್ತೆ ಪ್ರಯತ್ನಿಸುತ್ತಿದೆ' ಎಂದಿತು. 'ಸ್ಟಾರ್ಟ್ ಚಾನೆಲ್' ಎಂದು ಹೊಡೆದ. ಆಜ್ಞೆ ಸ್ವೀಕರಿಸಲಾಗಿದೆ ಎಂದು ವಿನಯವಾಗಿ ಹೇಳಿ, ಮತ್ತೆ ಪ್ರಯತ್ನಿಸುತ್ತಲೇ ಕೂತಿತು. ಈ ಸ್ವಭಾವ ಕಚೇರಿಯ ಬೇರೆಯವರಲ್ಲೂ ಇದ್ದದ್ದರಿಂದ ಅವನಿಗೆ ಇಷ್ಟು ದಿನ ಅನುಮಾನ ಬಂದಿರಲಿಲ್ಲ.

ಅವನು ಮೆಟ್ಟಿಲಿಳಿದು ರಿಪೇರಿ ವಿಭಾಗಕ್ಕೆ ಹೋದ. ಆ ಕಡೆ ದೂರುಗಳನ್ನು ಎದುರುಗೊಳ್ಳಬೇಕಾದ ಕಂಪ್ಯೂಟರಿನ ವೈರನ್ನು ಕಿತ್ತು, ಅದೇ ಸಾಕೆಟ್ಟಿಗೆ ಚಹಾದ ಕೆಟಲ್ ಸಿಕ್ಕಿಸಿದ್ದರು. ಅಲ್ಲಿಯ ಗುಮಾಸ್ತ ಮುಚ್ಚುಮರೆ ಮಾಡಲಿಲ್ಲ. ದೂರು ಒಳಗೆ ಬಂದರೆ ತಾನೇ ಅದನ್ನು ಸರಿ ಮಾಡಿಲ್ಲ ಅನ್ನೋದು, ಬರದೇ ಇದ್ದರೆ ನಮ್ಮಲ್ಲಿ ಬಾಕಿ ಏನೂ ಇಲ್ಲವಲ್ಲ, ದೊಡ್ಡ ಸಾಹೇಬರೇ ಹೇಳಿ ತೆಗೆಸಿದ್ದು ಎಂದ. ಒಂದು ಲೋಟ ಚಹಾನೂ ಕೊಟ್ಟ.

ದೊಡ್ಡ ಸಾಹೇಬರು ಎಂದರೆ ಕಚೇರಿಯ ಮುಖ್ಯಸ್ಥರು, ತೆಳ್ಳಗೆ ನಗುವ ಮನುಷ್ಯ. ಆಪರೇಟರ್ ಅವರ ಎದುರು ನಿಂತು ಸಾಲಿನ ಉದ್ದ ಹೇಳಿದ. ಅವರು ಕೇಳಿಸಿಕೊಂಡು, ನಿಮ್ಮ ಕೆಲಸ ಸಾಲನ್ನ ಕಾಯೋದು, ಉದ್ದ ಅಳೆಯೋದಲ್ಲ ಎಂದು ನಯವಾಗಿ ಕಳಿಸಿದರು. ಬಾಗಿಲು ದಾಟಿದ ಮೇಲೆ, ದರ್ಜಿ ಹೊಲಿದುಕೊಟ್ಟ ಅಂಚು ಕಾಲಿಗೆ ಚುಚ್ಚಿದ ಹಾಗಾಯಿತು. ತನ್ನ ಜೀವಮಾನದ ಏಕೈಕ ಸಾಹಸವನ್ನು ಅವನು ಆಗ ಮಾಡಿದ. ಕೆಟಲ್ಲಿನ ಮಾತೆತ್ತದೆ, ಚಾನೆಲ್ ಸಿಕ್ಕಿಕೊಂಡಿದೆ, ಏನು ಮಾಡಲಿ ಎಂದಷ್ಟೇ ಹೆಡ್ ಆಫೀಸಿನ ಎಂಜಿನಿಯರಿಗೆ ಬರೆದು, ಮನೆಯ ಫೋನ್ ನಂಬರನ್ನೂ ಕೊಟ್ಟುಬಿಟ್ಟ.

ಎಂಜಿನಿಯರ್ ರಜೆಯ ದಿನ ಬೆಳಿಗ್ಗೆ ಫೋನ್ ಮಾಡಿದರು. ಆಪರೇಟರ್ ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುವ ಕಷ್ಟದಲ್ಲಿದ್ದ. ಫೋನ್ ಎತ್ತಿದ್ದು ಮಗಳ ಮನೆಯಲ್ಲೇ ಉಳಿದಿದ್ದ ಮಾವ. ಎಂಜಿನಿಯರಿಗೆ ಅವಸರ. ಯಾರು ಎತ್ತಿದರು ಎಂದು ಕೇಳುವ ಗೋಜಿಗೆ ಹೋಗದೆ ಶುರು ಮಾಡಿದರು.

"ನೋಡಿ, ಬೇರೆ ದಾರಿ ಇಲ್ಲ. ನಾಳೆ ಬೆಳಿಗ್ಗೆ ಕ್ಯೂ ಮ್ಯಾನೇಜರನ್ನ ಮುಗಿಸಿಬಿಡಿ. ಮೊದಲು ಮೆತ್ತಗೆ ಮುಗಿಸಿ ನೋಡಿ, ಕೈಯಲ್ಲಿರೋ ಕೆಲಸ ಮುಗಿಸ್ಕೊಂಡು ತಾನಾಗೇ ಹೋಗುತ್ತೆ. ಹೋಗದಿದ್ರೆ ಬಲವಂತ ಮಾಡಿ. ಅದಕ್ಕೂ ಬಗ್ಗದಿದ್ರೆ ಅದರ ಮಕ್ಕಳನ್ನೆಲ್ಲ ಒಂದೊಂದಾಗಿ ಕೊಂದುಬಿಡಿ. ಒಂದನ್ನೂ ಉಳಿಸ್ಬೇಡಿ, ಉಳಿದ್ರೆ ಅನಾಥವಾಗಿ ಸುತ್ಕೊಂಡು ಆಮೇಲೆ ಕಾಟ ಕೊಡುತ್ತೆ. ಕೇಳಿಸ್ತಾ?"

ಮಾವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಒಂದು ದೊಡ್ಡ ಪ್ರೋಗ್ರಾಂ ತನ್ನ ಕೆಲಸಕ್ಕೆ ಹುಟ್ಟಿಸಿಕೊಂಡ ಚಿಲ್ಲರೆ ಪ್ರೋಗ್ರಾಂಗಳಿಗೆ ಆ ವೃತ್ತಿಯಲ್ಲಿ ಮಕ್ಕಳು ಎನ್ನುತ್ತಾರೆ ಎಂಬುದು ಆ ಹಿರಿಯರಿಗೆ ಹೇಗೆ ಗೊತ್ತಾಗಬೇಕು? ಅವರಿಗೆ ಗೊತ್ತಿದ್ದ ಕ್ಯೂ ಮ್ಯಾನೇಜರ್ ಒಬ್ಬನೇ, ಅವನು ಬಚ್ಚಲಲ್ಲಿದ್ದ. ಅವನ ಮಕ್ಕಳು ತಮ್ಮ ಸ್ವಂತ ಮೊಮ್ಮಕ್ಕಳು, ನಡುಮನೆಯಲ್ಲಿ ದಿಂಬಿಗಾಗಿ ಜಗಳವಾಡುತ್ತಿದ್ದರು. ಮಾವ ಅವರತ್ತ ತಿರುಗಿ ನೋಡಿದರು. ಹೂಂ ಎಂದರು. ಆಮೇಲೆ ಹೊಸದಾಗಿ ಸ್ಟಾರ್ಟ್ ಮಾಡಿಕೊಳ್ಳಿ, ಎಲ್ಲ ಸರಿಹೋಗುತ್ತೆ ಎಂದು ಎಂಜಿನಿಯರ್ ಫೋನಿಟ್ಟರು.

ತಲೆ ಒರೆಸಿಕೊಳ್ಳುತ್ತ ಬಂದ ಅಳಿಯ ಯಾರ ಫೋನು ಎಂದು ಕೇಳಿದ. ರಾಂಗ್ ನಂಬರ್ ಎಂದು ಹೇಳಿ ಮಾವ ಅವನ ಭುಜ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಮುಟ್ಟಿದ್ದು ಅದೇ ಮೊದಲು. ಅವನಿಗೆ ಕಾರಣ ತಿಳಿಯದಿದ್ದರೂ ಸುಖವಾಯಿತು.

ಮರುದಿನ ಬೆಳಿಗ್ಗೆ ಕಚೇರಿಗೆ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಬಂದರು. ಅವರ ಹಿಂದೆ ಮಾವ, ಮಾವನ ಹಿಂದೆ ಮೇಷ್ಟರು, ದರ್ಜಿ ಮತ್ತು ಕೆಲಸವಿಲ್ಲದ ಅರ್ಧ ಬೀದಿ. ಎಲ್ಲರೂ ಹಿಂದಿನ ಕೋಣೆಗೆ ನುಗ್ಗಿದರು. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಮೇಲಿದ್ದ ಆಪರೇಟರ್, ಎದ್ದರೆ ಎಲ್ಲಿ ನಿಲ್ಲುವುದು ಎಂದು ತಿಳಿಯದೆ ಕೂತೇ ಇದ್ದ. ನಿಮ್ಮ ಕ್ಯೂ ಮ್ಯಾನೇಜರನ್ನು ಮಕ್ಕಳುಮರಿ ಸಮೇತ ಮುಗಿಸುವ ಸಂಚು ನಡೆದಿದೆ ಎಂದು ದೂರು ಬಂದಿದೆ ಎಂದು ಇನ್‌ಸ್ಪೆಕ್ಟರ್ ಗಂಭೀರವಾಗಿ ಹೇಳಿದರು. ಸದ್ದು ಕೇಳಿ ದೊಡ್ಡ ಸಾಹೇಬರೂ ಬಂದರು.

ದೊಡ್ಡ ಸಾಹೇಬರಿಗೆ ಒಂದೇ ಉಸಿರಿನಲ್ಲಿ ಎಲ್ಲ ಅರ್ಥವಾಯಿತು. ಕ್ಯೂ ಮ್ಯಾನೇಜರ್ ಅನ್ನೋದು ಮನುಷ್ಯನಲ್ಲ, ಒಂದು ಸಾಫ್ಟ್‌ವೇರ್ ಎಂದು ಹೇಳಲು ಅವರ ಬಾಯಿ ಅರ್ಧ ತೆರೆಯಿತು. ಅಷ್ಟರಲ್ಲಿ ಇನ್‌ಸ್ಪೆಕ್ಟರ್, ಯಾರಿಗಾದರೂ ಇವರ ಮೇಲೆ ದ್ವೇಷವಿತ್ತಾ ಎಂದು ಕೇಳಿದರು. ದ್ವೇಷ ಇರದೆ ಏನು, ಊರಿನ ದೂರೆಲ್ಲ ಇಲ್ಲೇ ಕೊಳೀತಾ ಇದೆಯಂತಲ್ಲ, ಇದಕ್ಕೆ ಯಾರು ಜವಾಬ್ದಾರಿ ಅಂತ ನಾವೂ ಕೇಳಬೇಕು ಎಂದರು ಮೇಷ್ಟರು. ಇನ್‌ಸ್ಪೆಕ್ಟರ್ ಕಣ್ಣು ಕಿರಿದು ಮಾಡಿ, ಹೌದು, ಯಾರು ಜವಾಬ್ದಾರಿ ಎಂದರು. ಅವರ ಮನೆಯಲ್ಲೂ ನಲ್ಲಿ ಕೆಮ್ಮುತ್ತಿತ್ತು.

ದೊಡ್ಡ ಸಾಹೇಬರ ಬಾಯಿ ಮುಚ್ಚಿಕೊಂಡಿತು. ಮತ್ತೆ ತೆರೆದಾಗ ಅದರೊಳಗೆ ಬೇರೆಯೇ ಮಾತಿತ್ತು.

"ಕ್ಯೂ ವಿಷಯ ಪೂರ್ತಿ ಕ್ಯೂ ಮ್ಯಾನೇಜರ್‌ದೇ. ಇವರದೇ," ಎಂದು ಆಪರೇಟರನ್ನು ತೋರಿಸಿದರು. ಮುಗಿಸು ಎಂದರೆ ನಮ್ಮ ಇಲಾಖೆಯ ಭಾಷೆಯಲ್ಲಿ ಬಾಕಿ ಕೆಲಸ ಮುಗಿಸು ಎಂದರ್ಥ, ಮಕ್ಕಳು ಎಂದರೆ ಸಣ್ಣಪುಟ್ಟ ದೂರುಗಳು, ಹೆದರುವಂಥದ್ದೇನಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಬಿಡಿಸಿಯೂ ಹೇಳಿದರು.

ಆಪರೇಟರಿಗೆ ಕಿವಿ ಕೆಂಪಗಾಯಿತು. ಎದ್ದು ನಿಂತ. "ಸಾರ್, ನಾನು ಕ್ಯೂ ಮ್ಯಾನೇಜರಲ್ಲ. ಅದು ಬೇರೆ," ಅಂದ.

ಎಲ್ಲರೂ ಅವನನ್ನೇ ನೋಡಿದರು. ಸತ್ಯ ಹೇಳುವುದಕ್ಕೆ ಅಷ್ಟು ಒಳ್ಳೆಯ ನಿಶ್ಶಬ್ದ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಇನ್ನೆರಡು ಮಾತು ಆಡಿದ್ದರೆ ಕೆಟಲ್ಲಿನ ಕಥೆ ಹೊರಗೆ ಬರುತ್ತಿತ್ತು, ಅದರ ಹಿಂದೆ ದೊಡ್ಡ ಸಾಹೇಬರ ಕಥೆಯೂ ಬರುತ್ತಿತ್ತು. ಆದರೆ ಮಾವ ಮುಂದೆ ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಎರಡನೆಯ ಬಾರಿ.

"ನಮ್ಮ ಅಳಿಯಂದಿರು ಯಾವತ್ತೂ ಹೀಗೇ, ದೊಡ್ಡಸ್ತಿಕೆ ಇಲ್ಲ," ಎಂದು ಇನ್‌ಸ್ಪೆಕ್ಟರಿಗೆ ಹೇಳಿದರು. "ನನ್ನ ಇನ್ನೊಬ್ಬ ಅಳಿಯ ಬರೀ ಬ್ಯಾಂಕಿನ ಮ್ಯಾನೇಜರು."

ಆ 'ಬರೀ' ಎಂಬ ಎರಡಕ್ಷರಕ್ಕೆ ಆಪರೇಟರ್ ಸೋತ. ಊಟದ ಮನೆಯ ಫ್ಯಾನು ಪೂರ್ತಿಯಾಗಿ ತನ್ನ ಮೇಲೇ ಬೀಸಿದ ಹಾಗಾಯಿತು. ಮಾತು ನುಂಗಿಕೊಂಡು ಕುರ್ಚಿಯಲ್ಲಿ ಕೂತುಬಿಟ್ಟ.

ದೊಡ್ಡ ಸಾಹೇಬರು ತೆಳ್ಳಗೆ ನಕ್ಕರು. ಜನರೇ ಬಂದಿದ್ದಾರೆ, ಪೊಲೀಸರೂ ಇದ್ದಾರೆ, ಇದಕ್ಕಿಂತ ಒಳ್ಳೆಯ ಗಳಿಗೆ ಬೇಡ, ಕ್ಯೂ ಮ್ಯಾನೇಜರ್ ಈಗಲೇ ಎಲ್ಲರ ಎದುರು ದೂರುಗಳನ್ನೆಲ್ಲ ಕ್ಲಿಯರ್ ಮಾಡುತ್ತಾರೆ ಎಂದು ಘೋಷಿಸಿದರು. ಬೀದಿಯವರಿಗೆ ರೋಮಾಂಚನವಾಯಿತು. ದರ್ಜಿ ಹಿಂದೆ ನಿಂತವರಿಗೆ ಕಾಣಲಿ ಎಂದು ಬಗ್ಗಿದ.

ಇಲ್ಲೊಂದು ಸಣ್ಣ ಭಾಷೆಯ ಸಮಸ್ಯೆಯಿತ್ತು. ಬೀದಿಯಲ್ಲಿ ಕ್ಲಿಯರ್ ಎಂದರೆ ಕೆಲಸ ಆಗುವುದು. ಕಪ್ಪು ಪರದೆಯಲ್ಲಿ ಕ್ಲಿಯರ್ ಎಂದರೆ ಸಾಲಿನಲ್ಲಿ ನಿಂತವರನ್ನೆಲ್ಲ ಹೆಸರೂ ಉಳಿಯದ ಹಾಗೆ ಒರೆಸಿಹಾಕುವುದು. ಆ ಕೋಣೆಯಲ್ಲಿ ಈ ಎರಡರ ವ್ಯತ್ಯಾಸ ತಿಳಿದವರು ಇಬ್ಬರೇ. ಒಬ್ಬರು ಹಿಂದೆ ಕೈಕಟ್ಟಿ ನಿಂತಿದ್ದರು, ಇನ್ನೊಬ್ಬ ಕೀಲಿಮಣೆಯ ಮೇಲೆ ಬೆರಳಿಟ್ಟಿದ್ದ.

ಅವನು ಕಮಾಂಡನ್ನು ಹೊಡೆದ. ಮ್ಯಾನೇಜರ್, ಅಂದರೆ ನಿಜವಾದ ಮ್ಯಾನೇಜರ್, ಒಪ್ಪಲಿಲ್ಲ. ಸಾಲು ಬಳಕೆಯಲ್ಲಿದೆ, ಅಳಿಸಲಾಗದು ಎಂದಿತು. ಚಾನೆಲ್ ಇನ್ನೂ ಪ್ರಯತ್ನಿಸುತ್ತಿತ್ತು. ಆ ಕಚೇರಿಯಲ್ಲಿ ಜನರ ಪರವಾಗಿ ಒಂದು ಬಾರಿಯಾದರೂ ಇಲ್ಲ ಎಂದದ್ದು ಆ ಸಾಫ್ಟ್‌ವೇರ್ ಒಂದೇ ಎಂಬುದನ್ನು ಇಲ್ಲಿ ದಾಖಲಿಸಬೇಕು. ಯಾಕೆ ನಿಂತುಹೋಯಿತು ಎಂದು ಮೇಷ್ಟರು ಕೇಳಿದರು. ಸ್ವಲ್ಪ ಇರಿ ಎಂದು ಹೇಳಿ ಅವನು 'ಸ್ಟಾಪ್ ಚಾನೆಲ್' ಎಂದು ಹೊಡೆದ. ಅದು ಪ್ರಯತ್ನ ಬಿಟ್ಟಿತು. ಮತ್ತೆ ಕ್ಲಿಯರ್ ಎಂದು ಹೊಡೆದ. ಸಾಲಿನ ಉದ್ದ ಕೇಳಿದ.

ಸೊನ್ನೆ.

ಮೊದಲು ಚಪ್ಪಾಳೆ ತಟ್ಟಿದ್ದು ಮೇಷ್ಟರು. ಆಮೇಲೆ ಎಲ್ಲರೂ ತಟ್ಟಿದರು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಬೆವರು ಒರೆಸಿಕೊಂಡು, ಇಂಥವರು ಪ್ರತಿ ಇಲಾಖೆಗೆ ಒಬ್ಬರಿದ್ದರೆ ಸಾಕು ಎಂದರು. ಮಾವನ ಕಣ್ಣು ತುಂಬಿ ಬಂತು. ಗುಂಪು ಕಲಕಲ ಮಾತಾಡುತ್ತ ಮೆಟ್ಟಿಲಿಳಿದು ಹೋಯಿತು. ಕೆಲವರು ದಾರಿಯಲ್ಲೇ ಹೊಸ ಬಕೆಟ್ ಕೊಂಡರಂತೆ.

ಸಾಯಂಕಾಲ ಅವನು ಮನೆಗೆ ಬಂದಾಗ ಮಾವ ಕತೆಯನ್ನು ಆಗಲೇ ಮಗಳಿಗೆ ಎರಡು ಸುತ್ತು ಹೇಳಿ ಮುಗಿಸಿದ್ದರು. ಅಪ್ಪ ಕೆಳಗೆ ಮೇಷ್ಟರ ಮನೆಗೆ ಇಳಿದ ಮೇಲೆ ಹೆಂಡತಿ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಸರಿ ಮಾಡಿದ್ರಾ, ಇಲ್ಲ ಬರೀ ಖಾಲಿ ಮಾಡಿದ್ರಾ?"

ಅವಳು ಕಂಪ್ಯೂಟರ್ ಕಲಿತವಳಲ್ಲ. ಗಂಡನನ್ನು ಕಲಿತಿದ್ದಳು. ಅವನು ಶರ್ಟಿನ ಗುಂಡಿ ಬಿಚ್ಚುತ್ತ ನಿಂತ. ಅವಳು ಉರಿ ಸಣ್ಣ ಮಾಡಿದಳು. ಅಲ್ಲಿಂದ ಮುಂದೆ ಅವಳು ಅವನ ಹತ್ತಿರ ಆ ವಿಷಯ ಎತ್ತಲಿಲ್ಲ, ಬೇರೆ ವಿಷಯಗಳನ್ನೂ ಅಷ್ಟಾಗಿ ಎತ್ತಲಿಲ್ಲ.

ಬೀದಿ ಕೆಲವು ದಿನ ಹೊಸ ಬಕೆಟ್ಟುಗಳೊಂದಿಗೆ ಕಾಯಿತು. ನಲ್ಲಿಗಳು ಕೆಮ್ಮುವುದನ್ನೂ ಬಿಟ್ಟವು. ಮತ್ತೆ ಕಚೇರಿಗೆ ಹೋಗಿ ವಿಚಾರಿಸಿದವರಿಗೆ ನಿಮ್ಮ ಹೆಸರಿನಲ್ಲಿ ಯಾವ ದೂರೂ ಇಲ್ಲ ಎಂಬ ಉತ್ತರ ಸಿಕ್ಕಿತು. ಮೇಷ್ಟರು ಅವನನ್ನು ಕಂಡರೂ ಎದ್ದು ನಿಲ್ಲಲಿಲ್ಲ. ದರ್ಜಿ ಕತ್ತರಿಯನ್ನು ವಿನಾಕಾರಣ ಕಚಕಚ ಆಡಿಸತೊಡಗಿದ. ಯಾರೋ ಇವನ ಬಾಗಿಲಿಗೆ ಒಡೆದ ಕೊಡ ಒರಗಿಸಿಟ್ಟು ಹೋದರು. ಗಲಾಟೆ ಜೋರಾದಾಗ ಮೇಲಿನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ದೂರುಗಳನ್ನು ಅಳಿಸಿದ್ದು ಯಾರು ಎಂದು ಕೇಳಿದ್ದಕ್ಕೆ, ಪೊಲೀಸರ ಎದುರು, ಸಾರ್ವಜನಿಕರ ಎದುರು, ಸ್ವಂತ ಮಾವನ ಎದುರು ಕ್ಯೂ ಮ್ಯಾನೇಜರೇ ಅಳಿಸಿದರು ಎಂದು ಎಲ್ಲರೂ ಒಂದೇ ಬಾಯಲ್ಲಿ ಸಾಕ್ಷಿ ಹೇಳಿದರು. ಇವನು ಕೊನೆಗೂ ಇದ್ದದ್ದನ್ನೆಲ್ಲ ಹೇಳಿದ. ಕೆಟಲ್ಲಿನ ಸಾಕೆಟ್ ತೋರಿಸಲು ಅಧಿಕಾರಿಯನ್ನು ಕೆಳಗೆ ಕರೆದುಕೊಂಡು ಹೋದ. ಸಾಕೆಟ್ಟಿನಲ್ಲಿ ಕಂಪ್ಯೂಟರಿನ ವೈರ್ ನೆಟ್ಟಗೆ ಕೂತಿತ್ತು, ಕಂಪ್ಯೂಟರ್ ಸುಮ್ಮನೆ ಗುಂಯ್ಗುಡುತ್ತಿತ್ತು. ಗುಮಾಸ್ತ ಈ ಸಲ ಚಹಾ ಕೊಡಲಿಲ್ಲ. ನೀವು ಮ್ಯಾನೇಜರಲ್ಲ, ಸಾಫ್ಟ್‌ವೇರೇ ಮ್ಯಾನೇಜರು ಅಂತ ಬರೆದುಕೊಳ್ಳಲಾ ಎಂದು ಅಧಿಕಾರಿ ಕೇಳಿದರು. ಹೌದು ಎಂದ. ಅವರು ಪೆನ್ನಿನ ಮುಚ್ಚಳ ಹಾಕಿಕೊಂಡರು.

ಬಾಕಿ ದೂರನ್ನು ಸೊನ್ನೆಗೆ ಇಳಿಸಿದ ಸಾಧನೆಗಾಗಿ ದೊಡ್ಡ ಸಾಹೇಬರು ಇನ್ನೂ ದೊಡ್ಡ ಸಾಹೇಬರಾಗಿ ಬೇರೆ ಕಚೇರಿಗೆ ಹೋದರು. ಆಪರೇಟರನ್ನು ಕೆಲಸದಿಂದ ತೆಗೆಯಲಿಲ್ಲ, ಇಲಾಖೆಗೆ ಅಷ್ಟು ಕ್ರೌರ್ಯವಿಲ್ಲ. ಅವನ ಅನುಭವಕ್ಕೆ ತಕ್ಕ ಕೆಲಸವನ್ನೇ ಹುಡುಕಿ ಕೊಟ್ಟರು. ನಲ್ಲಿ ಬತ್ತಿದ ಬೀದಿಗಳಿಗೆ ಟ್ಯಾಂಕರ್ ಕಳಿಸುವ ಏರ್ಪಾಡಾಗಿತ್ತು. ಅಲ್ಲಿ ಜನ ತಳ್ಳಾಡದ ಹಾಗೆ ಸಾಲು ಕಾಯಲು ಒಬ್ಬ ಬೇಕಿತ್ತು. ಕುತ್ತಿಗೆಗೆ ಒಂದು ಸೀಟಿ ಕಟ್ಟಿ ಇವನನ್ನು ಕಳಿಸಿದರು. ಮೊದಲ ಬೀದಿ ಇವನದೇ.

ಈ ಸಾಲಿಗೆ ಕಮಾಂಡ್ ಇರಲಿಲ್ಲ. ಸೀಟಿ ಊದಿದರೆ ಕೆಲವರು ನಿಲ್ಲುತ್ತಿದ್ದರು, ಕೆಲವರು ಅವನ ಮುಖ ನೋಡಿ ಬೇಕೆಂದೇ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು. ಮೇಷ್ಟರು ಸ್ಟೀಲಿನ ಬಿಂದಿಗೆ ಹಿಡಿದುಕೊಂಡು ಅವನ ಪಕ್ಕದಲ್ಲೇ ಹಾದು ಹೋಗುವಾಗ, ಜೀವನದಲ್ಲಿ ಒಬ್ಬ ವಿದ್ಯಾರ್ಥಿಗೂ ಆಡದ ಮಾತನ್ನು ಮೆತ್ತಗೆ ಆಡಿದರು. ಅವನು ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೇಳಿಸಿಕೊಂಡ.

ಒಂದು ಬೆಳಿಗ್ಗೆ ಹೆಂಡತಿ ಬಂದು ಸಾಲಿನ ತುದಿಯಲ್ಲಿ ನಿಂತಳು. ಎರಡೂ ಕೈಯಲ್ಲಿ ಒಂದೊಂದು ಕೊಡ. ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ಹೊತ್ತಿಗೆ ತಡವಾಗಿತ್ತು. ಸಾಲಿನವರೆಲ್ಲ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದರು. ದರ್ಜಿ ಮುಂದಿನಿಂದಲೇ ತಿರುಗಿ, ಮ್ಯಾನೇಜರ್ ಸಾಹೇಬರ ಮನೆಯವರು, ಮುಂದೆ ಕರೆದುಬಿಡಿ, ನಮ್ಮದೇನು ಅಡ್ಡಿಯಿಲ್ಲ ಎಂದ. ಅಡ್ಡಿಯಿದೆಯೋ ಇಲ್ಲವೋ ಎಂಬುದನ್ನು ಅವನು ಕರೆದ ಮೇಲೆ ಹೇಳುವವರಿದ್ದರು. ಅವನು ಹೆಂಡತಿಯತ್ತ ಒಂದು ಹೆಜ್ಜೆ ಇಟ್ಟ. ಅವಳು ತಲೆ ಅಲ್ಲಾಡಿಸಿದಳು. ಅಷ್ಟು ಸಣ್ಣಗೆ ಅಲ್ಲಾಡಿಸಿದಳೆಂದರೆ, ಅದನ್ನು ಕಂಡದ್ದು ಅವನೊಬ್ಬನೇ.

ಅವನು ಹಿಂದಕ್ಕೆ ಹೋಗಿ ಟ್ಯಾಂಕರಿನ ಪಕ್ಕ ನಿಂತ. ಸಾಲು ಸರಿಯಿತು. ಬಿಂದಿಗೆ, ಬಕೆಟ್ಟು, ಡಬ್ಬ, ಮತ್ತೆ ಬಿಂದಿಗೆ. ಅವಳ ಮುಂದೆ ಇನ್ನಿಬ್ಬರು ಇದ್ದಾಗ ಟ್ಯಾಂಕರಿನ ಪೈಪು ಗಾಳಿ ಉಗುಳಿತು. ಡ್ರೈವರ್ ವಾಲ್ವ್ ತಿರುಗಿಸಿ, ಪೈಪು ಸುತ್ತಿ, ಹತ್ತಿ ಕೂತು ಗಾಡಿ ಬಿಟ್ಟ. ಉಳಿದವರು ಬಯ್ಯುತ್ತ ಚದುರಿದರು. ಬಯ್ದದ್ದು ಡ್ರೈವರನ್ನಲ್ಲ.

ಹೆಂಡತಿ ಅವನ ಹತ್ತಿರ ಬಂದು ಒಂದು ಕೊಡವನ್ನು ಅವನ ಕೈಗೆ ಕೊಟ್ಟಳು.

"ಹಿಂದಿನ ಬೀದೀಲಿ ಕೈಪಂಪು ಇದೆ," ಅಂದಳು. "ಬನ್ನಿ, ನಿಲ್ಲೋಣ."

ಹಿಂದಿನ ಬೀದಿಯ ಸಾಲು ಮೂಲೆ ತಿರುಗಿ ಗೋಡೆಗುಂಟ ಹಬ್ಬಿತ್ತು. ಪಂಪು ಎಲ್ಲಿದೆ ಎಂಬುದು ಕಾಣುತ್ತಿರಲಿಲ್ಲ, ಅದರ ಕಿರುಗುಟ್ಟುವಿಕೆ ಮಾತ್ರ ಕೇಳುತ್ತಿತ್ತು. ಇಬ್ಬರೂ ಹೋಗಿ ಕೊನೆಯಲ್ಲಿ ನಿಂತರು. ಮುಂದೆ ನಿಂತಿದ್ದ ಮುದುಕ ತಿರುಗಿ ನೋಡಿ, ಇವನ ಕುತ್ತಿಗೆಯ ಸೀಟಿ ಕಂಡು ಗಾಬರಿಯಿಂದ ಪಕ್ಕಕ್ಕೆ ಸರಿದು, "ಮುಂದೆ ಹೋಗಿ ಸಾರ್," ಅಂದ.

ಅವನು ಸೀಟಿಯ ದಾರವನ್ನು ತಲೆಯ ಮೇಲಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ಇಲ್ಲ ಯಜಮಾನ್ರೇ," ಅಂದ. "ನೀವು ನಡೀರಿ. ನಾವು ನಿಮ್ಮ ಹಿಂದೆ."